ಮೇಲಿನ ಸಾಲು ತೆಗಿ

ಅಣ್ಣ (ಡಬ್ಲಿನ್): [ವಿಡಿಯೊ] ಪಾಲ್ ಮೆಗ್ರಾ, ಐರ್ಲೆಂಡ್ ಫುಟ್‌ಬಾಲ್ ತಂಡದ ಡಿಫೆಂಡರ್. 1994ರ ವಿಶ್ವಕಪ್, ಐರ್ಲೆಂಡ್ 1, ಇಟಲಿ 0. ವಾರವಿಡೀ ಪ್ರಾಕ್ಟೀಸ್ ಇಲ್ಲ, ಮೇಲಿಂದ ಕುಡಿತ. ಆದರೂ ಇಟಲಿಯ ಸ್ಟಾರ್ ಬಾಜಿಯೊಗೆ ದಾರಿ ಬಿಡಲಿಲ್ಲ! ಎಂಥಾ ಪ್ರತಿಭೆ ನೋಡಿ!

ಚಿಕ್ಕಪ್ಪ: ಇದನ್ನು ತೆಗೆದುಹಾಕು. ಗುಂಪಿನಲ್ಲಿ ಮಕ್ಕಳಿದ್ದಾರೆ. ಕುಡಿದರೂ ಗೆಲ್ಲಬಹುದು ಅಂತ ಹೇಳಿಕೊಡುತ್ತೀಯಾ?

ಅಣ್ಣ: ಹಾಗಲ್ಲ ಚಿಕ್ಕಪ್ಪ. ಅವನ ಬಾಲ್ಯ ಕೇಳಿ. ಹುಟ್ಟಿದ್ದು 1959ರಲ್ಲಿ. ಅಮ್ಮ ಮದುವೆಯಾಗದ ಐರಿಷ್ ಹುಡುಗಿ, ಅಪ್ಪ ನೈಜೀರಿಯಾದವರು. ಮನೆಯವರಿಗೆ ಗೊತ್ತಾಗಬಾರದು ಅಂತ ಲಂಡನ್‌ಗೆ ಹೋಗಿ ಹೆತ್ತಳು. ಕೆಲವೇ ವಾರಗಳಲ್ಲಿ ಮಗು ಬೇರೆಯವರ ಮನೆ ಸೇರಿತು. ಆಮೇಲೆ ಡಬ್ಲಿನ್ನಿನ ಅನಾಥಾಲಯಗಳು. ಮೈಬಣ್ಣಕ್ಕೆ ಬೈಗುಳ ಬೇರೆ.

ಚಿಕ್ಕಪ್ಪ: ಕಷ್ಟಪಟ್ಟವರೆಲ್ಲ ಕುಡಿಯುತ್ತಾರಾ? ಮ್ಯಾಂಚೆಸ್ಟರ್ ಯುನೈಟೆಡ್ ಕ್ಲಬ್ಬಿನ ಕೋಚ್ ಫರ್ಗುಸನ್ ಅವನನ್ನು ಮಾರಿದ್ದೇ ಸರಿ. ತಂಡಕ್ಕೆ ಶಿಸ್ತು ಬೇಡವಾ?

ನಾನು: 1989ರಲ್ಲಿ ಮಾರಿದರು, ನಿಜ. ಅದಕ್ಕೂ ಮುಂಚೆ, ದುಡ್ಡು ಕೊಡುತ್ತೇವೆ, ಆಟ ಬಿಟ್ಟುಬಿಡು ಅಂತ ಯುನೈಟೆಡ್‌ನವರು ಹೇಳಿದ್ದರು. ಅವನು ಒಪ್ಪದೆ ಇಂಗ್ಲೆಂಡಿನ ಇನ್ನೊಂದು ಕ್ಲಬ್ ಆಸ್ಟನ್ ವಿಲಾಗೆ ಹೋದ. 1993ರಲ್ಲಿ ಯುನೈಟೆಡ್ ಲೀಗ್ ಗೆದ್ದಿತು, ವಿಲಾ ಎರಡನೇ ಸ್ಥಾನ. ಆದರೆ ಆಟಗಾರರೇ ಮತ ಹಾಕಿ ಕೊಡುವ ವರ್ಷದ ಆಟಗಾರ ಪ್ರಶಸ್ತಿ ಬಂದದ್ದು ಇವನಿಗೆ. ಮರುವರ್ಷ ಲೀಗ್ ಕಪ್ ಫೈನಲ್‌ನಲ್ಲಿ ವಿಲಾ ಅದೇ ಯುನೈಟೆಡ್ ತಂಡವನ್ನು 3-1ರಲ್ಲಿ ಸೋಲಿಸಿತು. ಆವತ್ತೂ ಹಿಂದೆ ನಿಂತು ಕಾದವನು ಇವನೇ.

ಅಕ್ಕ: ಒಂದು ನಿಮಿಷ. ನಾನು ದಿನಾ ಜನರ ಮೊಣಕಾಲು ನೋಡುವವಳು. ನೀನು ವಿಡಿಯೊ ಜೊತೆ ಬರೆದದ್ದೇ ತಪ್ಪು ಕಣೋ. ಪ್ರಾಕ್ಟೀಸ್ ಮಾಡಲಿಲ್ಲ ಅಂದರೆ ಸೋಮಾರಿ ಅಂತಲ್ಲ. ಎಂಟು ಆಪರೇಷನ್ ಆದ ಮೊಣಕಾಲು ಅವು. ಸವೆದ ಕೀಲನ್ನು ವಾರವಿಡೀ ಓಡಿಸಿದರೆ ಊದಿಕೊಳ್ಳುತ್ತದೆ, ಶನಿವಾರದ ಆಟಕ್ಕೆ ಕಾಲೇ ಇರುವುದಿಲ್ಲ. ಅದಕ್ಕೇ ವಿಲಾದ ಫಿಸಿಯೊ ಜಿಮ್ ವಾಕರ್ ಅವನನ್ನು ಬೇರೆಯೇ ಇಟ್ಟು ನೋಡಿಕೊಂಡರು. ಸ್ವಲ್ಪ ಸೈಕಲ್ ತುಳಿಯುವುದು, ಮಿಕ್ಕಂತೆ ವಿಶ್ರಾಂತಿ. ಓಡಲು ಆಗದವನು ಚೆಂಡು ಎಲ್ಲಿಗೆ ಬರುತ್ತದೆ ಅಂತ ಮೊದಲೇ ತಿಳಿದು ಅಲ್ಲಿ ನಿಂತಿರುತ್ತಿದ್ದ. ಇಟಲಿ ಪಂದ್ಯದಲ್ಲಿ ಅವನಿಗೆ 34 ವರ್ಷ. ಭುಜದ ನೋವಿಗೆ ಒಂದು ಕೈ ಎತ್ತುವುದೇ ಕಷ್ಟವಾಗಿತ್ತು. ಆದರೂ ಚೆಂಡಿಗೆ ಮುಖವನ್ನೇ ಒಡ್ಡಿದ.

ಚಿಕ್ಕಪ್ಪ: ನಾನು ಮೊಣಕಾಲಿನ ಮಾತಾಡುತ್ತಿಲ್ಲ. ನಿಮ್ಮ ತಾತ ಕುಡಿದು ಬಂದಾಗ ರಾತ್ರಿ ಬಾಗಿಲು ತೆಗೆಯುತ್ತಿದ್ದವನು ನಾನು. ಆಗಲೂ ಜನ ಇದನ್ನೇ ಹೇಳುತ್ತಿದ್ದರು. "ಕುಡೀತಾರೆ, ಆದ್ರೆ ಎಂಥಾ ಕೆಲಸಗಾರ!" ಆ ಮಾತು ಕೇಳಿದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಅತ್ತೆ: ನನಗೂ ನೆನಪಿದೆ. ಅಪ್ಪನಿಗೆ ಜ್ವರ ಅಂತ ಆಫೀಸಿಗೆ ಹೇಳಿಬರಲು ಅಮ್ಮ ನನ್ನನ್ನೇ ಕಳಿಸುತ್ತಿದ್ದಳು. ನನಗಾಗ ಹತ್ತು ವರ್ಷ.

ಅಕ್ಕ: ಅತ್ತೆ, ಅಲ್ಲೂ ಹಾಗೇ ಆಯಿತು. ಅವನು ಕುಡಿದು ಆಡಲಾಗದೆ ಹೋದಾಗ ಐರ್ಲೆಂಡ್ ಕೋಚ್ ಜಾಕ್ ಚಾರ್ಲ್ಟನ್ ಮೊಣಕಾಲಿನ ನೆಪ ಹೇಳಿ ಕಾಪಾಡಿದರು. ಪ್ರೀತಿಯಿಂದಲೇ ಮಾಡಿದ್ದು. ಮನೆಯಲ್ಲೂ ಅಷ್ಟೇ ಅಲ್ವಾ?

ನಾನು: ಕೊನೆಗೆ 2006ರಲ್ಲಿ ಎಲ್ಲವನ್ನೂ ಅವನೇ ಆತ್ಮಕತೆಯಲ್ಲಿ ಹೇಳಿದ. ದೇಶಕ್ಕೆ 83 ಪಂದ್ಯ ಆಡಿದವನು ಚಿಕ್ಕಪ್ಪ. ಮುಚ್ಚಿಟ್ಟಿದ್ದರೆ ಯಾರೂ ಕೇಳುತ್ತಿರಲಿಲ್ಲ. ತಾತನಿಗೆ ಅಂಥ ಒಂದು ಅವಕಾಶ ಸಿಕ್ಕಿದ್ದರೆ ಅಂತ ನನಗೆ ಅನ್ನಿಸುತ್ತದೆ.

ಅಣ್ಣ: ಚಿಕ್ಕಪ್ಪ, ತಪ್ಪಾಯಿತು. ಕುಡಿತವನ್ನು ಹೊಗಳಿಕೆಗೆ ಸೇರಿಸಿಬಿಟ್ಟೆ. ವಿಡಿಯೊ ಕೂಡ ತೆಗೆಯಲಾ?

ಚಿಕ್ಕಪ್ಪ: ಬೇಡ, ಇರಲಿ. ಮೇಲಿನ ಸಾಲು ತೆಗಿ. ಆ ಎಂಟು ಆಪರೇಷನ್ ವಿಷಯ ಬರಿ. ಫಿಸಿಯೊ ಹೆಸರನ್ನೂ ಹಾಕು. ಶನಿವಾರ ಚಪ್ಪಾಳೆ ಹೊಡೆಯುವವರು ಬೇಕಾದಷ್ಟು ಜನ. ಸೋಮವಾರದಿಂದ ಶುಕ್ರವಾರದವರೆಗೆ ಪಕ್ಕದಲ್ಲಿ ಇದ್ದವರು ಅವರು.