ಲುಟಿನೋ ಗಂಡು, ಬೂದು ಹೆಣ್ಣು: ಮರಿಗಳ ಲಿಂಗವನ್ನು ಬಣ್ಣದಿಂದಲೇ ಹೇಳಬಹುದೇ?

ಪ್ರಶ್ನೆ: ನಮ್ಮ ಕಾಕಟೀಲ್ (ಜುಟ್ಟಿನ ಸಾಕುಗಿಳಿ) ಜೋಡಿಯಲ್ಲಿ ಗಂಡು ಲುಟಿನೋ (ಕೆಂಗಣ್ಣಿನ, ಹಳದಿ-ಬಿಳಿ ಬಣ್ಣದ್ದು), ಹೆಣ್ಣು ಸಾಮಾನ್ಯ ಬೂದು ಬಣ್ಣದ್ದು. ನಾಲ್ಕು ಮರಿಗಳಾಗಿದ್ದು, ಇನ್ನೂ ತೆರೆಯದ ಕಣ್ಣುಗಳು ಎರಡರಲ್ಲಿ ಚರ್ಮದಡಿ ಕೆಂಪಾಗಿಯೂ ಉಳಿದೆರಡರಲ್ಲಿ ಕಪ್ಪಾಗಿಯೂ ಕಾಣುತ್ತಿವೆ. ಇದರಿಂದ ಲಿಂಗ ತಿಳಿಯಬಹುದೇ?

ಉತ್ತರ 1: ನಿಮ್ಮ ಜೋಡಿಯಲ್ಲಿ ಖಂಡಿತ ತಿಳಿಯಬಹುದು. ಹಕ್ಕಿಗಳಲ್ಲಿ ಗಂಡಿಗೆ ಎರಡು ಝಡ್ ವರ್ಣತಂತುಗಳಿದ್ದರೆ, ಹೆಣ್ಣಿಗೆ ಒಂದು ಝಡ್, ಒಂದು ಡಬ್ಲ್ಯೂ ಇರುತ್ತದೆ. ಲುಟಿನೋ ಎಂಬುದು ಝಡ್ ಮೇಲಿರುವ ದುರ್ಬಲ ಗುಣ (ಇನ್ನೊಂದು ಝಡ್ ಮೇಲೆ ಸಾಮಾನ್ಯ ಗುಣವಿದ್ದರೆ ಹೊರಗೆ ಕಾಣದು) ಆದ್ದರಿಂದ, ತಂದೆಯಿಂದ ಮಾತ್ರ ಝಡ್ ಪಡೆಯುವ ಹೆಣ್ಣುಮರಿಗಳೆಲ್ಲ ಲುಟಿನೋ ಆಗುತ್ತವೆ. ತಾಯಿಯಿಂದಲೂ ಒಂದು ಝಡ್ ಪಡೆಯುವ ಗಂಡುಮರಿಗಳು ಬೂದಾಗಿಯೇ ಕಂಡರೂ ಆ ಗುಣವನ್ನು ಒಳಗೆ ಹೊತ್ತಿರುತ್ತವೆ, ಅಂಥವನ್ನೇ ಸಾಕುವವರು ‘ಸ್ಪ್ಲಿಟ್’ ಎನ್ನುವುದು. ಕೆಂಗಣ್ಣಿನವೆರಡೂ ಹೆಣ್ಣು.

ಉತ್ತರ 2: ಜೋಡಿ ತಿರುಗುಮುರುಗಾದರೆ ಈ ಲೆಕ್ಕ ನಡೆಯದು. ಲುಟಿನೋ ಹೆಣ್ಣಿಗೆ ಸ್ಪ್ಲಿಟ್ ಅಲ್ಲದ ಬೂದು ಗಂಡನ್ನು ಕೂಡಿಸಿದರೆ ಮರಿಗಳೆಲ್ಲ ಬೂದೇ. ಸಿನಮನ್ (ಕಂದು ಛಾಯೆ), ಪರ್ಲ್ (ಚುಕ್ಕೆ ಗರಿ) ಗುಣಗಳೂ ಝಡ್ ಮೇಲಿನವೇ; ಪೈಡ್ (ಮಚ್ಚೆ ಮಚ್ಚೆ ಬಣ್ಣ), ವೈಟ್‌ಫೇಸ್ (ಬಿಳಿ ಮುಖ) ಹಾಗಲ್ಲ. ಪರ್ಲ್ ಗಂಡಿನ ಚುಕ್ಕೆಗಳು ಮೊದಲ ಬಾರಿ ಗರಿ ಉದುರಿ ಹೊಸದು ಬಂದಾಗ ಸಾಮಾನ್ಯವಾಗಿ ಮಾಸುತ್ತವೆ. ಅದು ತಿಳಿಯದೆ ನಾನೊಮ್ಮೆ ಗಂಡನ್ನೇ ಹೆಣ್ಣೆಂದು ಕೊಂಡು ತಂದಿದ್ದೆ.