ಅಪ್‌ಡೇಟ್: ಕ್ರ್ಯಾಂಕ್ ಕೊನೆಗೂ ತಿರುಗಿತು

ಹಳೆಯ ಮಾರುತಿ 800ರ ಎಂಜಿನ್ ಮೊದಲ ಬಾರಿ ಬಿಚ್ಚಿ ಜೋಡಿಸುತ್ತಿದ್ದೇನೆ, ಕ್ರ್ಯಾಂಕ್‌ಶಾಫ್ಟನ್ನು (ಪಿಸ್ಟನ್‌ಗಳು ತಿರುಗಿಸುವ ದಂಡ) ಎಂಜಿನ್ ಬ್ಲಾಕ್‌ಗೆ ಹಿಡಿದಿಡುವ ಮೇನ್ ಬೇರಿಂಗ್ ಕ್ಯಾಪ್‌ಗಳನ್ನು ಬಿಗಿದ ಮೇಲೆ ಅದು ಕೈಯಲ್ಲಿ ತಿರುಗುತ್ತಿಲ್ಲ, ಏಕೆ ಎಂದು ಇಲ್ಲಿ ಕೇಳಿದ್ದೆ. ಪಿಸ್ಟನ್ ಇನ್ನೂ ಹಾಕಿರಲಿಲ್ಲ, ಹಾಗಾಗಿ ಸಿಲಿಂಡರ್‌ಗೆ ಉಜ್ಜುವ ಪಿಸ್ಟನ್ ರಿಂಗ್‌ಗಳ ಮೇಲೆ ತಪ್ಪು ಹೊರಿಸುವಂತೆಯೂ ಇರಲಿಲ್ಲ.

ನಿಮ್ಮಲ್ಲಿ ಹಲವರು ಹೇಳಿದಂತೆ ಎಲ್ಲ ಕ್ಯಾಪ್ ಸಡಿಲಿಸಿ, ಒಂದೊಂದನ್ನೇ ಬಿಗಿದು ತಿರುಗಿಸಿ ನೋಡಿದೆ. ಎರಡನೆಯದಕ್ಕೆ ಗಕ್ಕನೆ ನಿಂತಿತು. ಇಲ್ಲೇ ಪುಣೆಯ ಭೋಸರಿಯಲ್ಲಿ ಲೇತ್ ನಡೆಸುವ ನಮ್ಮ ಬೆಳಗಾವಿಯ ಮಾಮಾ ಬಂದು, ಬಟ್ಟೆಯಿಂದ ಕ್ಯಾಪ್ ಒರೆಸಿ, "ಬಾಣ ಯಾವ ಕಡೆ ನೋಡುತ್ತಿದೆಯೋ?" ಎಂದರು. ಕ್ಯಾಪ್ ಮೇಲಿನ ಬಾಣದ ಗುರುತು ಫ್ಲೈವೀಲ್ (ಗೇರ್‌ಬಾಕ್ಸ್ ಬದಿಯ ಭಾರದ ಚಕ್ರ) ಕಡೆ! ಎದುರು ತುದಿಯ, ಬೆಲ್ಟ್ ಓಡುವ ಪುಲ್ಲಿ ಕಡೆ ಇರಬೇಕಿತ್ತು. ಕ್ಯಾಪ್‌ಗಳನ್ನು ಬ್ಲಾಕ್‌ಗೆ ಕೂರಿಸಿಯೇ ಬೇರಿಂಗ್ ಕೂರುವ ರಂಧ್ರ ಕೊರೆದಿರುತ್ತಾರೆ. ತಿರುವಿ ಹಾಕಿದರೆ ಕೂದಲೆಳೆಯಷ್ಟು ವ್ಯತ್ಯಾಸವೇ ಸಾಕು. ಎರಡು ದಿನ ನಾನು ಬೈದದ್ದು ನಾನಾ ಪೇಠೆಯ ಬೇರಿಂಗ್ ಅಂಗಡಿಯವನನ್ನು, ಪಾಪ.

ಆ ಕ್ಯಾಪ್‌ನೊಳಗಿನ ಬೇರಿಂಗ್ ಶೆಲ್‌ನ (ಅರ್ಧವೃತ್ತದ ತೆಳು ಲೋಹದ ಪಟ್ಟಿ) ಒಂದಂಚು ಉಜ್ಜಿ ಹೊಳೆಯುತ್ತಿತ್ತು, ಹೊಸ ಜೋಡಿ ತಂದೆ. ಪ್ಲಾಸ್ಟಿಗೇಜ್, ಅಂದರೆ ಬಿಗಿದಾಗ ಚಪ್ಪಟೆಯಾಗಿ ಸಂದಿನ ಅಳತೆ ತೋರಿಸುವ ಮೆತ್ತನೆಯ ಎಳೆ, ಇಟ್ಟು ಅಳೆದಾಗ (ಆಗ ಮಾತ್ರ ಕ್ರ್ಯಾಂಕ್ ಅಲುಗಿಸಬಾರದು) ಸಂದು 0.04 ಮಿ.ಮೀ. ಎಣ್ಣೆ ಸವರಿ ಬಿಗಿದೆ. ಈಗ ಎರಡು ಬೆರಳಿಗೆ ತಿರುಗುತ್ತದೆ. ನಾಳೆ ಪಿಸ್ಟನ್, ಆಮೇಲೆ ರಿಂಗ್‌ಗಳ ಉಜ್ಜಾಟಕ್ಕೆ ಸ್ಪ್ಯಾನರ್ ಇಲ್ಲದೆ ತಿರುಗುವುದಿಲ್ಲ, ಗಾಬರಿಯಾಗಿ ಫೋನ್ ಮಾಡಬೇಡ ಎಂದು ಮಾಮಾ ಈಗಲೇ ಹೇಳಿ ಹೋಗಿದ್ದಾರೆ.