ಮಳೆಗಾಲದಲ್ಲಿ ಮೊಲದ ಪೆಲೆಟ್ ಕೆಡದಂತೆ ಇಡುವುದು ಹೇಗೆ?

ಪ್ರಶ್ನೆ (ತೀರ್ಥಹಳ್ಳಿಯಿಂದ):
ನಮ್ಮ ಮೊಲ ಬೆಳ್ಳಿಗೆ ಎರಡು ವರ್ಷ, ತೂಕ 2 ಕಿಲೋ. ಅಗ್ಗವಾಗುತ್ತದೆಂದು ಶಿವಮೊಗ್ಗದಿಂದ 5 ಕಿಲೋ ಪೆಲೆಟ್ (ಗುಳಿಗೆಯಂಥ ಒಣ ಆಹಾರ) ಚೀಲ ತಂದಿದ್ದೆ. ಮಳೆ ಹಿಡಿದ ಮೇಲೆ ಚೀಲದ ತಳ ಗಂಟು ಕಟ್ಟಿ, ಮುಗ್ಗಲು ವಾಸನೆ ಬರುತ್ತಿದೆ. ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿ ಕೊಡಬಹುದೇ? ಎಸೆಯಲು ಮನಸ್ಸಾಗುತ್ತಿಲ್ಲ.

ಉತ್ತರ (ಸಾಗರದಿಂದ):
ಬೇಡ ತಂಗಿ, ಖಂಡಿತ ಕೊಡಬೇಡಿ. ಒಣಗಿಸಿದರೆ ತೇವ ಹೋಗುತ್ತದೆ, ಬೂಷ್ಟಿನ ವಿಷ ಹೋಗುವುದಿಲ್ಲ. ಮೊಲಕ್ಕೆ ವಾಂತಿ ಮಾಡಲೂ ಆಗುವುದಿಲ್ಲ. ಹಸುವಿನ ಕಲಗಚ್ಚಿಗೂ ಸುರಿಯಬೇಡಿ, ಹೂತುಬಿಡಿ. ಬೆಳ್ಳಿ ಈಗಾಗಲೇ ತಿಂದಿದ್ದರೆ ಹಿಕ್ಕೆ ನೋಡುತ್ತಿರಿ. ಸಣ್ಣದಾದರೆ ಅಥವಾ ನಿಂತರೆ ಅಂದೇ ಪಶುವೈದ್ಯರಲ್ಲಿಗೆ ಒಯ್ಯಿರಿ.

2 ಕಿಲೋ ತೂಕದ ಮೊಲಕ್ಕೆ ದಿನಕ್ಕೆ ಸುಮಾರು 50 ಗ್ರಾಂ ಸಾಕು. ಅಂದರೆ 5 ಕಿಲೋ ಮೂರು ತಿಂಗಳು ದಾಟುತ್ತದೆ, ನಮ್ಮ ಮಳೆಯಲ್ಲಿ ಅಷ್ಟು ದಿನ ಬಾಳುವುದಿಲ್ಲ. ನಾನು 1 ಕಿಲೋ ತಂದು, ಚಕ್ಕುಲಿ ತುಂಬಿಡುತ್ತಿದ್ದ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಕ್ಕೆ ಹಾಕುತ್ತೇನೆ. ಡಬ್ಬ ಮಣೆಯ ಮೇಲೆ, ಗೋಡೆಯಿಂದ ಗೇಣು ದೂರ. ಒದ್ದೆ ಕೈ ಒಳಗೆ ಹೋಗಕೂಡದು.

ಕೊಳ್ಳುವಾಗ ನಾರಿನಂಶ ಶೇ. 18ಕ್ಕಿಂತ ಹೆಚ್ಚಿದೆಯೇ ನೋಡಿ. ಬಣ್ಣದ ಕಾಳು, ಜೋಳ ಬೆರೆಸಿದ್ದು ಬೇಡ. ಮೊಲ ರುಚಿಯಾದದ್ದನ್ನಷ್ಟೇ ಹೆಕ್ಕಿ ತಿನ್ನುತ್ತದೆ.

ಉತ್ತರ (ಹೊಸನಗರದಿಂದ):
ಅಕ್ಕ ಹೇಳಿದ್ದು ಸರಿ. ನಿಜವಾದ ಉಳಿತಾಯವಿರುವುದು ಹುಲ್ಲಿನಲ್ಲಿ. ಮೊಲದ ಮುಖ್ಯ ಆಹಾರವೇ ಅದು. ಮಳೆ ನಿಂತ ಮೇಲೆ ಗರಿಕೆ ಕೊಯ್ದು ಒಣಗಿಸಿ ಅಟ್ಟಕ್ಕೇರಿಸಿ. ಕೊಳೆರೋಗಕ್ಕೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆದ ಅಡಿಕೆ ತೋಟದ ಹುಲ್ಲು ಮಾತ್ರ ಬೇಡ.

ಪ್ರಶ್ನೆ ಕೇಳಿದವರು:
ಚೀಲವನ್ನು ಈಗಷ್ಟೇ ಹೂತು ಬಂದೆ. ಬೆಳ್ಳಿ ಹುಲ್ಲು ತಿನ್ನುತ್ತಿದೆ, ಹಿಕ್ಕೆ ಸರಿಯಾಗಿದೆ.